ಶಾಸಕರಿಗೂ ಒಂದು ಸೇವಾ ಪುಸ್ತಕ ಇರಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಸಿಬ್ಬಂದಿಯ ಸೇವಾ ಪುಸ್ತಕಗಳು ಬಹುಕಾಲ ನನ್ನ ವಶದಲ್ಲಿದ್ದವು. ಜವಾನನೊಬ್ಬನ ಮೇಲೆ ದೂರು ಬಂದರೆ ಅಮಾನತು, ಆರೋಪಪಟ್ಟಿ, ಇಲಾಖಾ ವಿಚಾರಣೆ. ಸಾಬೀತಾದರೆ ವೇತನ ಬಡ್ತಿಗೆ ತಡೆ. ಆ ಒಂದು ಸಾಲು ಪುಸ್ತಕ ಸೇರಿತೆಂದರೆ ಮುಂದೆ ಬಡ್ತಿಯ ಕಡತ ಬಂದಾಗಲೆಲ್ಲ ಅದನ್ನು ಓದಲೇಬೇಕು. "ಸಾರ್, ಮಕ್ಕಳೊಂದಿಗ, ಅದನ್ನ ಬರೀಬ್ಯಾಡ್ರಿ" ಎಂದು ನನ್ನ ಮೇಜಿನ ಮುಂದೆ ನಿಂತು ಅತ್ತವರಿದ್ದಾರೆ. ಬರೆಯದೆ ನನಗೆ ದಾರಿಯಿರಲಿಲ್ಲ.

ನಾವು ಆರಿಸಿ ಕಳಿಸಿದವರಿಗೆ ಇಂಥ ಪುಸ್ತಕವಿಲ್ಲ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯ ಕಲಾಪ ನಡೆಯುತ್ತಿರುವಾಗಲೇ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಆಗಿನ ಬಿಜೆಪಿ ಸರ್ಕಾರದಲ್ಲಿ ಸಚಿವರಾಗಿದ್ದ ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ ಮತ್ತು ಕೃಷ್ಣ ಪಾಲೇಮಾರ್ ರಾಜೀನಾಮೆ ಕೊಟ್ಟರು. ತಾವು ತಪ್ಪು ಮಾಡಿಲ್ಲ ಎಂದೇ ಮೂವರೂ ಹೇಳಿದರು. ಪಾಟೀಲರ ಕೈಯಲ್ಲಿದ್ದುದು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಖಾತೆ. ಅಂದು ಹೆಣ್ಣುಮಕ್ಕಳ ಎದುರು ಟಿ.ವಿ. ಆರಿಸಿ ಎದ್ದುಹೋದ ಸಂಕಟ ನನಗಿನ್ನೂ ಮರೆತಿಲ್ಲ. ವಿಚಾರಣೆಗೆ ಸದನ ಸಮಿತಿಯೂ ಆಯಿತು. 2019ರಲ್ಲಿ ಸವದಿಯವರು ಉಪಮುಖ್ಯಮಂತ್ರಿಯಾದರು, ಪಾಟೀಲರು ಮತ್ತೆ ಸಚಿವರಾದರು.

ಜನರೇ ಗೆಲ್ಲಿಸಿದ ಮೇಲೆ ನಿಮ್ಮದೇನು ತಕರಾರು ಎಂದು ಕೇಳುವವರಿದ್ದಾರೆ. ಸವದಿಯವರು 2018ರಲ್ಲಿ ಅಥಣಿಯಲ್ಲಿ ಸೋತಿದ್ದರು. ಉಪಮುಖ್ಯಮಂತ್ರಿಯಾದ ದಿನ ಅವರು ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಹಾಗಿರುವಾಗ ಜನರ ತೀರ್ಪಿನ ಮಾತು ಎಲ್ಲಿಂದ ಬಂತು? ಇದನ್ನು ಒಂದು ಪಕ್ಷಕ್ಕಷ್ಟೇ ಹೇಳುತ್ತಿಲ್ಲ. 2023ರ ಚುನಾವಣೆಗೆ ಮುನ್ನ ಅವರನ್ನು ಬರಮಾಡಿಕೊಂಡು ಟಿಕೆಟ್ ಕೊಟ್ಟಿದ್ದು ಕಾಂಗ್ರೆಸ್.

ಸದನ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಂಸತ್ತಿನಲ್ಲೇ ಉದಾಹರಣೆಯಿದೆ. 1951ರಲ್ಲಿ ಎಚ್.ಜಿ. ಮುದ್ಗಲ್ ಎಂಬ ಸದಸ್ಯರು ಮುಂಬಯಿಯ ಚಿನ್ನ ಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಸದನದಲ್ಲಿ ಅವರ ಕೆಲಸ ಮಾಡಿಕೊಟ್ಟರೆಂದು ಸಮಿತಿ ವರದಿ ಕೊಟ್ಟಿತು. ಉಚ್ಚಾಟನೆಯ ನಿರ್ಣಯ ಮಂಡಿಸಿದವರು ಸ್ವತಃ ನೆಹರೂ. ಮುದ್ಗಲ್ ಇದ್ದದ್ದು ಅವರದೇ ಪಕ್ಷದಲ್ಲಿ. ನಿರ್ಣಯ ಅಂಗೀಕಾರವಾಗುವ ಮೊದಲೇ ಮುದ್ಗಲ್ ರಾಜೀನಾಮೆ ಕೊಟ್ಟರು. ಸದನ ಅಷ್ಟಕ್ಕೇ ಕೈಬಿಡಲಿಲ್ಲ. ಅವರು ಉಚ್ಚಾಟನೆಗೆ ಅರ್ಹರಾಗಿದ್ದರು, ಹೀಗೆ ನುಣುಚಿಕೊಳ್ಳಲು ನೋಡಿದ್ದರಿಂದ ತಪ್ಪು ಇನ್ನಷ್ಟು ದೊಡ್ಡದಾಯಿತು ಎಂದು ದಾಖಲೆಯಲ್ಲಿ ಬರೆಸಿತು. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರು ಗುಪ್ತ ಕ್ಯಾಮೆರಾದ ದೃಶ್ಯ ಪ್ರಸಾರವಾದ ಹನ್ನೊಂದೇ ದಿನಗಳಲ್ಲಿ ಸದಸ್ಯತ್ವ ಕಳೆದುಕೊಂಡರು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ನಮ್ಮ ವಿಧಾನಮಂಡಲದ ಸಭಾಧ್ಯಕ್ಷರು ಮತ್ತು ಸಭಾಪತಿಗಳಲ್ಲಿ ನನ್ನ ಬೇಡಿಕೆ ಇಷ್ಟೆ: ಸದಸ್ಯರ ನಡತೆಯ ಬಗ್ಗೆ ದೂರು ಬಂದರೆ ಅದೇ ಅಧಿವೇಶನದಲ್ಲಿ, ತಪ್ಪಿದರೆ ಮುಂದಿನದರಲ್ಲಿ ವರದಿ ಸದನಕ್ಕೆ ಬರಲಿ. ಆರೋಪಿಯ ಸಮರ್ಥನೆಯೂ ಅದರಲ್ಲಿರಲಿ. ತಪ್ಪಿಲ್ಲ ಎಂದಾದರೆ ಹಾಗೆಂದೇ ಬರೆಯಲಿ, ನಿರಪರಾಧಿಗೂ ಅದರಿಂದ ನೆಮ್ಮದಿ. ರಾಜೀನಾಮೆ ಬಂತೆಂದು ವಿಚಾರಣೆ ನಿಲ್ಲದಿರಲಿ. ತಪ್ಪಿತಸ್ಥರೆಂದು ಸದನ ಹೇಳಿದವರಿಗೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಮಂತ್ರಿಗಿರಿಯಾಗಲಿ ನಿಗಮ ಮಂಡಳಿಯ ಅಧ್ಯಕ್ಷಗಿರಿಯಾಗಲಿ ಸಿಗದಿರಲಿ. ಅದೆಲ್ಲ ಕನ್ನಡದಲ್ಲಿ ವಿಧಾನಮಂಡಲದ ವೆಬ್‌ಸೈಟ್‌ನಲ್ಲಿ, ಆಯಾ ಸದಸ್ಯರ ಹೆಸರಿನ ಕೆಳಗೇ ಇರಲಿ.

– ನಿವೃತ್ತ ಪ್ರಥಮ ದರ್ಜೆ ಸಹಾಯಕ, ಹಾವೇರಿ