ಆ ‘ನಿರುಪದ್ರವಿ’ಯನ್ನು ಹೊಡೆದುಹಾಕು

ಪ್ರೀತಿಯ ತಂಗಿ,

ಕಥೆ ತಲುಪಿತು, ಎರಡು ಸಲ ಓದಿದೆ. ಅಡುಗೆಮನೆಯಲ್ಲಿ ಅತ್ತೆ ಕುಸಿಯುವವರೆಗೂ ಅದು ನನ್ನನ್ನು ಹಿಡಿದು ಕೂರಿಸಿತ್ತು. ಆಮೇಲೆ ವೈದ್ಯರು ‘ಪಿಟ್ಯುಟರಿಯಲ್ಲಿ ನಿರುಪದ್ರವಿ ಗಡ್ಡೆ, ಒಳಗೆ ರಕ್ತಸ್ರಾವ’ ಎನ್ನುತ್ತಾರೆ. ಅಲ್ಲಿಂದ ನಿನ್ನ ಲೇಖನಿ ಸಿನಿಮಾದ ಕಡೆಗೆ ಓಡಿದೆ.

ಮೊದಲು ಆ ‘ನಿರುಪದ್ರವಿ’ಯನ್ನು ಹೊಡೆದುಹಾಕು. ಇಂಗ್ಲಿಷಿನ ‘ಬಿನೈನ್’ಗೆ ನಿಘಂಟು ನೋಡಿಕೊಂಡು ನಾನೂ ಹಿಂದೆ ಹಾಗೆಯೇ ಬರೆಯುತ್ತಿದ್ದೆ. ಗಡ್ಡೆ ಕ್ಯಾನ್ಸರಿನದಲ್ಲ ಎಂದಷ್ಟೇ ವೈದ್ಯರ ಮಾತಿನ ಅರ್ಥ, ಉಪದ್ರವವೇ ಇಲ್ಲವೆಂದಲ್ಲ. ಪಿಟ್ಯುಟರಿ ಬಟಾಣಿ ಕಾಳಿನಷ್ಟು ಗ್ರಂಥಿ. ತಲೆಬುರುಡೆಯ ತಳದಲ್ಲಿ ಮೂಳೆಯ ಸಣ್ಣ ಕುಳಿಯೊಂದರಲ್ಲಿ ಕೂತಿರುತ್ತದೆ. ಅಲ್ಲಿ ಬೆಳೆದ ಗಡ್ಡೆಯೊಳಗೆ ರಕ್ತ ತುಂಬಿದರೆ ಗಡ್ಡೆ ದಿಢೀರನೆ ಉಬ್ಬುತ್ತದೆ, ಸರಿಯಲು ಜಾಗವಿಲ್ಲ. ಮೇಲೆ ಎರಡೂ ಕಣ್ಣುಗಳ ದೃಷ್ಟಿನರಗಳು ಕೂಡುವ ಜಾಗ, ಪಕ್ಕದಲ್ಲಿ ಕಣ್ಣುಗುಡ್ಡೆ ಹೊರಳಿಸುವ ನರಗಳು. 1898ರಲ್ಲೇ ವರದಿಯಾದ ಈ ಅವಘಡಕ್ಕೆ ‘ಪಿಟ್ಯುಟರಿ ಅಪೊಪ್ಲೆಕ್ಸಿ’ ಎಂಬ ಹೆಸರು ಬಂದದ್ದು 1950ರಲ್ಲಿ. ತಲೆಯೊಳಗೆ ಗಡ್ಡೆಯಿತ್ತೆಂದು ಅನೇಕರಿಗೆ ಗೊತ್ತಾಗುವುದೇ ಆ ದಿನ. ಮಗ ‘ಕ್ಯಾನ್ಸರ್ ಅಲ್ಲ ತಾನೇ?’ ಎಂದು ಕೇಳಲಿ, ವೈದ್ಯರು ‘ಅಲ್ಲ’ ಎನ್ನುತ್ತಲೇ ಓಡಲಿ.

ಅತ್ತೆಯ ಮೂಗಿನಿಂದ ರಕ್ತ ಸುರಿಸಿದ್ದೀಯಲ್ಲ, ಅದನ್ನು ತೆಗೆ. ಈ ರಕ್ತ ಒಳಗೇ ಉಳಿಯುತ್ತದೆ. ಸಿಡಿಲೆರಗಿದಂಥ ತಲೆನೋವು, ವಾಂತಿ, ಜೋತುಬಿದ್ದ ರೆಪ್ಪೆ ಸಾಕು. ರೆಪ್ಪೆ ಬೀಳುವ ಮೊದಲು ಒಲೆಯ ಉರಿ ಎರಡಾಗಿ ಕಾಣಲಿ. ಎದುರಿನ ಗೋಡೆಗಡಿಯಾರ ಕಾಣುತ್ತಿರುವಾಗಲೇ ಅಕ್ಕಪಕ್ಕ ನಿಂತ ಮೊಮ್ಮಕ್ಕಳು ಮಾಯವಾಗಲಿ. ಮನೆಯವರು ಮೈಗ್ರೇನ್ ಎಂದುಕೊಂಡು ಹಣೆಗೆ ಮುಲಾಮು ತಿಕ್ಕಲಿ.

ಇನ್ನು ಬುರುಡೆ ಕೊರೆಯುವ ಆ ಎರಡು ಪುಟ! ಇಂಥ ಗಡ್ಡೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ನೀನು ಕೈಬಿಟ್ಟ ನಿಜವಾದ ಆತಂಕ ಬೇರೆ ಇದೆ. ಪಿಟ್ಯುಟರಿಯ ಸಂದೇಶ ನಿಂತರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುವುದನ್ನು ತಗ್ಗಿಸುತ್ತವೆ, ಬಿಪಿ ಪಾತಾಳಕ್ಕಿಳಿಯುತ್ತದೆ. ಆಗ ಜೀವ ಹಿಡಿದು ನಿಲ್ಲಿಸುವುದು ಆ ಕಾರ್ಟಿಸಾಲ್‌ನ ಕೊರತೆ ತುಂಬುವ ಒಂದು ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು. ಕಥೆಗಾರನಿಗೆ ಅದಕ್ಕಿಂತ ಏನು ಬೇಕು, ಹೇಳು?

ಕೊನೆಗೆ ‘ಅತ್ತೆ ಗುಣಮುಖಳಾದಳು’ ಎಂದು ಕೈತೊಳೆದುಕೊಂಡಿದ್ದೀಯ. ಹಲವರು ಆಮೇಲೂ ವರ್ಷಗಟ್ಟಲೆ ಹಾರ್ಮೋನಿನ ಮಾತ್ರೆ ನುಂಗಬೇಕು. ಕಾರ್ಟಿಸಾಲ್ ಬದಲಿಗೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಜ್ವರ ಬಂದರೆ ವೈದ್ಯರು ಹೇಳಿದಂತೆ ಪ್ರಮಾಣ ಹೆಚ್ಚಿಸಬೇಕು. ಅತ್ತೆಯೊಡನೆ ಮಾತು ಬಿಟ್ಟಿರುವ ಸೊಸೆ ಆ ಮಾತ್ರೆಯನ್ನು ದಿನಾ ಬೆಳಿಗ್ಗೆ ಹೇಗೆ ಕೊಡುತ್ತಾಳೆ? ಅದನ್ನು ಬರೆದು ಕಳುಹಿಸು.

ನಿನ್ನ ಅಣ್ಣ