ಸ್ವಾಬ್ ಮಷಿನ್ ಕೊಳ್ಳುವಾಗ ಪೀಕಿನ ಅಗಲವನ್ನೂ ಕೇಳಿ

ಮಾನ್ಯ ಸಂಪಾದಕರೇ,

ವಿಮಾನ ನಿಲ್ದಾಣದಲ್ಲಿ ನಮ್ಮ ಬ್ಯಾಗಿನ ಮೇಲೆ ಒಂದು ತುಂಡು ಬಟ್ಟೆ ಸವರಿ ಮಷಿನ್ನಿಗೆ ಹಾಕುತ್ತಾರಲ್ಲ, ಸ್ಫೋಟಕದ ಕಣ ಹುಡುಕುವ ಆ ಮಷಿನ್‌ಗಳಲ್ಲಿ ಬಹಳಷ್ಟು ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೀಟರ್‌ಗಳು. ನನ್ನ ನೌಕರಿಯೆಲ್ಲ ಇವುಗಳ ಸರ್ವಿಸ್‌ನಲ್ಲೇ ಕಳೆಯಿತು. ಕೊಳ್ಳುವವರು ಎಷ್ಟು ನ್ಯಾನೊಗ್ರಾಂ ಹಿಡಿಯುತ್ತೆ ಎಂದು ಕೇಳುತ್ತಾರೆ. ಪಟ್ಟಿಯಲ್ಲಿ ಯಾವ್ಯಾವ ಸ್ಫೋಟಕ ಇದೆ ಎಂದು ಕೇಳುತ್ತಾರೆ. ಮಷಿನ್ನಿನ ಗ್ರಾಫಿನಲ್ಲಿ ಸಿಗ್ನಲ್ ಏರಿ ಇಳಿಯುವ ಶಿಖರ, ಅಂದರೆ ಪೀಕ್, ಎಷ್ಟು ಚೂಪಾಗಿದೆ ಎಂದು ಕೇಳುವವರು ಮಾತ್ರ ತೀರಾ ಕಡಿಮೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಬಟ್ಟೆಯ ಮೇಲಿನ ಕಣ ಬಿಸಿಗೆ ಆವಿಯಾಗಿ, ವಿದ್ಯುತ್ ಆವೇಶ ಹೊತ್ತ ಅಯಾನಾಗಿ, ಗಾಳಿ ತುಂಬಿದ ಕೊಳವೆಯಲ್ಲಿ ವಿದ್ಯುತ್ ಸೆಳೆತಕ್ಕೆ ಓಡುತ್ತದೆ. ತುದಿ ಮುಟ್ಟಲು ಹಿಡಿದ ಸಮಯವೇ ಅದರ ಗುರುತು. ಆ ಸಮಯವನ್ನು ಪೀಕಿನ ಅರ್ಧ ಎತ್ತರದಲ್ಲಿರುವ ಅಗಲದಿಂದ ಭಾಗಿಸಿದರೆ ಒಂದು ಪದಾರ್ಥವನ್ನು ಇನ್ನೊಂದರಿಂದ ಬೇರ್ಪಡಿಸುವ ಮಷಿನ್ನಿನ ಶಕ್ತಿ ಸಿಗುತ್ತದೆ. ಪೀಕ್ ಅಗಲವಾದಷ್ಟೂ ಬೇರೆ ಯಾವುದೋ ಪದಾರ್ಥ ಸ್ಫೋಟಕದ ಜಾಗದಲ್ಲಿ ಬಂದು ಕೂರುತ್ತದೆ. ಕೈಗೆ ಕ್ರೀಮ್ ಹಚ್ಚಿಕೊಂಡು ಬಂದ ಪ್ರಯಾಣಿಕರು ಸುಮ್ನೆ ಎಲ್ಲರೆದುರು ನಿಂತು ಉತ್ತರ ಕೊಡಬೇಕಾಗುತ್ತದೆ.

ವೋಲ್ಟೇಜ್ ಏರಿಸಿದರೆ ಪೀಕ್ ಚೂಪಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅರ್ಧ ನಿಜ. ಸುಮಾರು 6 ಸೆಂ.ಮೀ. ಕೊಳವೆ, 2000 ವೋಲ್ಟ್, 25 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳಿ. ಅಯಾನುಗಳು ಓಡುತ್ತಾ ತಾವಾಗಿ ಚದುರುವುದನ್ನು ಮಾತ್ರ ಲೆಕ್ಕ ಹಾಕಿದರೆ ಬೇರ್ಪಡಿಸುವ ಶಕ್ತಿ 84ರ ಆಸುಪಾಸು. ಆದರೆ ಅಯಾನುಗಳನ್ನು ಒಳಗೆ ಬಿಡುವ ಗೇಟ್ 0.2 ಮಿಲಿಸೆಕೆಂಡ್ ತೆರೆದಿರುತ್ತದೆ. ಓಟದ ಸಮಯ 10 ಮಿಲಿಸೆಕೆಂಡ್ ಇದ್ದರೆ, ಎರಡೂ ಸೇರಿ ಶಕ್ತಿ 43ಕ್ಕೆ ಇಳಿಯುತ್ತದೆ. ಈಗ ವೋಲ್ಟೇಜನ್ನು 4000ಕ್ಕೆ ಏರಿಸಿ. ಚದುರುವುದು ಕಡಿಮೆಯಾಯಿತು, ಸರಿ. ಆದರೆ ಓಟ 5 ಮಿಲಿಸೆಕೆಂಡಿಗೇ ಮುಗಿಯಿತು, ಗೇಟ್ ಮಾತ್ರ ಅಷ್ಟೇ ಹೊತ್ತು ತೆರೆದಿದೆ. ಶಕ್ತಿ 24ಕ್ಕೆ ಬಿತ್ತು! ಗೇಟನ್ನು 0.05 ಮಿಲಿಸೆಕೆಂಡಿಗೆ ಇಳಿಸಿದರೆ 76ಕ್ಕೆ ಏರುತ್ತದೆ. ಆಗ ಒಳಗೆ ಬರುವ ಅಯಾನು ನಾಲ್ಕನೇ ಒಂದು ಭಾಗ, ಹಾಗಾಗಿ ಸಿಗ್ನಲ್ ಕುಗ್ಗುತ್ತದೆ. ಸೂಕ್ಷ್ಮತೆಯೂ ಚೂಪೂ ಒಂದನ್ನೊಂದು ಎಳೆದಾಡುವುದು ಇಲ್ಲೇ. ಕೊಳವೆಯ ಒಳಗಿನ ವಿದ್ಯುತ್ ಕ್ಷೇತ್ರ ಏಕಸಮವಾಗಿಲ್ಲದಿದ್ದರೆ, ಆಂಪ್ಲಿಫೈಯರ್ ನಿಧಾನವಾಗಿದ್ದರೆ ಇನ್ನಷ್ಟು ನಷ್ಟ.

ತೇವದ ಕಾಟವೂ ಇದೆ. ಒಳಗಿನ ಗಾಳಿಯನ್ನು ಒಣಗಿಸಲು ಮಾಲಿಕ್ಯುಲರ್ ಸೀವ್ ಎಂಬ ಸಣ್ಣ ಗುಂಡುಗಳ ಡಬ್ಬಿ ಇರುತ್ತದೆ. ಮಂಗಳೂರಿನಂಥ ಕಡೆ ಮಳೆಗಾಲದಲ್ಲಿ ಅದರ ಮೇಲೆ ಕಣ್ಣಿಟ್ಟೇ ಇರಬೇಕು. ಗುಂಡುಗಳು ಇನ್ನು ಹೀರಲಾರದಷ್ಟು ನೀರು ಕುಡಿದರೆ ನೀರಿನ ಅಣುಗಳು ಅಯಾನುಗಳಿಗೆ ಅಂಟುತ್ತವೆ. ಅವು ನಿಧಾನವಾಗುತ್ತವೆ, ಪೀಕ್ ಜಾಗ ಬಿಟ್ಟು ಸರಿಯುತ್ತದೆ, ಬುಡ ಹರಡುತ್ತದೆ. ಬಟ್ಟೆಯಲ್ಲಿ ಕೊಳೆ ಜಾಸ್ತಿ ಬಂದರೂ ಕಷ್ಟವೇ. ಒತ್ತಾಗಿ ಸೇರಿದ ಅಯಾನುಗಳು ಒಂದನ್ನೊಂದು ತಳ್ಳಿ ಪೀಕನ್ನು ಅಗಲ ಮಾಡುತ್ತವೆ. ಬೆಳಗಿನ ಚೆಕ್‌ನಲ್ಲಿ 'ಪಾಸ್' ಎಂದು ಬಂದರೆ ಸಿಬ್ಬಂದಿ ಕೆಲಸ ಶುರುಮಾಡುತ್ತಾರೆ, ಅವರ ತಪ್ಪೇನಿಲ್ಲ. ಪೀಕಿನ ಅಗಲ ದಿನದಿಂದ ದಿನಕ್ಕೆ ಬೆಳೆಯುತ್ತಿರುವುದನ್ನು ಆ ಒಂದು ಪದ ಹೇಳುವುದಿಲ್ಲ ಅಲ್ವಾ?

ಹಾಗಾಗಿ ಟೆಂಡರ್ ಬರೆಯುವವರಲ್ಲಿ ನನ್ನ ಮನವಿ ಇಷ್ಟೇ. ಸೂಕ್ಷ್ಮತೆಯನ್ನೂ ಬೇರ್ಪಡಿಸುವ ಶಕ್ತಿಯನ್ನೂ ಒಂದೇ ಗೇಟ್ ಸಮಯದಲ್ಲಿ, ಒಂದೇ ಉಷ್ಣಾಂಶದಲ್ಲಿ ಅಳೆದು ಕೊಡಿ ಎಂದು ಮಾರುವವರನ್ನು ಕೇಳಿ. ಗೇಟ್ ಹೆಚ್ಚು ಹೊತ್ತು ತೆರೆದು ತೆಗೆದ ನ್ಯಾನೊಗ್ರಾಂ ಅಂಕಿ, ಕಡಿಮೆ ಹೊತ್ತು ತೆರೆದು ತೆಗೆದ ಚೂಪಿನ ಅಂಕಿ, ಎರಡನ್ನೂ ಒಂದೇ ಹಾಳೆಯಲ್ಲಿ ಒಪ್ಪಿಕೊಳ್ಳಬೇಡಿ. ದಿನದ ರಿಜಿಸ್ಟರಿನಲ್ಲಿ 'ಪಾಸ್' ಪಕ್ಕದಲ್ಲೇ ಪೀಕಿನ ಅಗಲಕ್ಕೂ ಒಂದು ಕಾಲಂ ಇರಲಿ.

– ನಿವೃತ್ತ ಸರ್ವಿಸ್ ಎಂಜಿನಿಯರ್, ತುಮಕೂರು