ಕಲಾಸಿಪಾಳ್ಯದ ಬೋರ್ಡ್ ಬರೆಯುವ ಯಜಮಾನರಿಗೆ

ಬೆಂಗಳೂರು ಸಿಟಿ ಬಸ್ಸಿನ ಹಳೆಯ ತಗಡಿನ ಬೋರ್ಡು, ಬಿಟಿಎಸ್ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್) ಕಾಲದ್ದು, ಅದು 1997ರಲ್ಲಿ ಬಿಎಂಟಿಸಿ ಆಗುವುದಕ್ಕೂ ಮುಂಚಿನದು. ಒಂದು ಮಗ್ಗುಲಲ್ಲಿ ‘ಮೆಜೆಸ್ಟಿಕ್’, ತಿರುಗಿಸಿದರೆ ‘ಜಯನಗರ 4ನೇ ಬ್ಲಾಕ್’. ಮಸಿ ತೆಗೆಯಲು ನಾನು ತಿನ್ನರ್ ಹಚ್ಚಿದ್ದೇ ತಪ್ಪು. ಹಳೆಯ ಎನಾಮಲ್ ಮೆತ್ತಗಾಗಿ ‘ಜ’ ಅರ್ಧಕ್ಕರ್ಧ ಬಟ್ಟೆಗೆ ಬಂದುಬಿಟ್ಟಿತು.

ಹಾಗೇ ಹಿಡಿದುಕೊಂಡು ಬಂದಾಗ ನೀವು ಬೈಯಲಿಲ್ಲ. ತಿನ್ನರ್ ಬಾಟಲಿಗೆ ಮುಚ್ಚಳ ಹಾಕಿ ಆಚೆ ಇಟ್ಟಿರಿ, ಅಷ್ಟೆ. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೋಪು, ಹತ್ತಿಬಟ್ಟೆ. ಮಸಿ ಅದಕ್ಕೇ ಬಿಟ್ಟಿತು! ತುಕ್ಕಿನ ಅಂಚಿಗೆ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ), ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ, ಒಂದು ರಾತ್ರಿ ಒಣಗಲು.

ಮರುದಿನ ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದಿರಿ: ಬಣ್ಣ ಹೋದ ಕಡೆಯೂ ಹಳೆಯ ಕುಂಚದ ಅಂಚು ತೆಳ್ಳಗೆ ಉಬ್ಬಿ ನಿಂತಿತ್ತು. ಹೋದ ಜೀವ ಬಂದ ಹಾಗಾಯಿತು. ಸೀಮೆಸುಣ್ಣ ಸವರಿದ ದಾರವನ್ನು ಬಿಗಿದು ಒಮ್ಮೆ ಮೀಟಿದಿರಿ, ಗೆರೆ ಬಿತ್ತು. ಹೊಸ ಬಿಳಿ ಎದ್ದು ಕಾಣುತ್ತೆ ಅಂತ ಒಂದು ಹನಿ ಹಳದಿ ಬೆರೆಸಿ, ಕಿರುಬೆರಳು ಊರಿ, ಉಸಿರು ಹಿಡಿದು ‘ಜ’ದ ಹೊಟ್ಟೆ ತಿದ್ದಿದಿರಿ.

ಬ್ರಷ್ ತೊಳೆದ ಸೀಮೆಎಣ್ಣೆಯ ಕಾಸನ್ನೂ ತೆಗೆದುಕೊಳ್ಳಲಿಲ್ಲ. ಹೆಸರು ಕೇಳುವುದೇ ಮರೆತುಹೋಯಿತು. ಥ್ಯಾಂಕ್ಸ್ ಯಜಮಾನ್ರೇ.